ಡೀಸೆಲ್ ಕನಸು, ನಮ್ಮ ಪಾಲಿನ ಮಸಿ
ಸಿಗ್ನಲ್‌ನಲ್ಲಿ ಲಾರಿ ಹಿಂದೆ ನಿಂತು ಹೊಗೆ ಕುಡಿಯುವಾಗೆಲ್ಲ ನನಗೆ ರುಡಾಲ್ಫ್ ಡೀಸೆಲ್ ನೆನಪಾಗ್ತಾನೆ. 1858ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಈ ಜರ್ಮನ್ ಎಂಜಿನಿಯರ್‌ಗೆ ಒಂದು ರಾಜಕೀಯ ಕನಸಿತ್ತು: ದೊಡ್ಡ ಕಾರ್ಖಾನೆಗಳ ಎದುರು ಸಣ್ಣ ಕಸುಬುದಾರ ಉಳಿಯಬೇಕು, ಅವನ ಕೈಗೆಟುಕುವ ಎಂಜಿನ್ ಬೇಕು.

1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಅವನ ಎಂಜಿನ್ ಇಂಧನದ ಶಕ್ತಿಯಲ್ಲಿ ಸುಮಾರು ಶೇ 26ರಷ್ಟನ್ನು ಕೆಲಸವಾಗಿಸಿತು. ಒತ್ತಿ ಕಾಯಿಸಿದ ಗಾಳಿಗೆ ಇಂಧನ ಚಿಮ್ಮಿಸಿದರೆ ಕಿಡಿಯಿಲ್ಲದೆ ಹೊತ್ತುತ್ತೆ. ಆದರೆ ಗಾಳಿ ಸಾಲದ ಕಡೆ ಮಸಿ ಹುಟ್ಟುತ್ತೆ. ಇವತ್ತು ಉರಿಯೊಳಗಿನ ಆ ಮಸಿಯ ಹೊಳಪನ್ನೇ ಎರಡು ಬಣ್ಣಗಳಲ್ಲಿ ಅಳೆದು, ಜ್ವಾಲೆಯ ತಾಪವನ್ನೂ ಮಸಿಯ ಪ್ರಮಾಣವನ್ನೂ ಲೆಕ್ಕ ಹಾಕ್ತಾರೆ.

1913ರಲ್ಲಿ, ಸಾಲದಲ್ಲಿ ಮುಳುಗಿದ್ದ ಡೀಸೆಲ್, ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾದ. ಎಂಜಿನ್ ದೊಡ್ಡವರ ಕೈ ಸೇರಿತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಹೊಗೆ ಕ್ಯಾನ್ಸರ್‌ಕಾರಕ ಅಂತ ಸಾರಿತು.

ಮಸಿ ಅಳೆಯೋದು ನಮಗೆ ಗೊತ್ತು. ಅದನ್ನು ದಿನವಿಡೀ ಉಸಿರಾಡೋರು ಬೀದಿ ವ್ಯಾಪಾರಿಗಳು, ಪೌರಕಾರ್ಮಿಕರು. ಡೀಸೆಲ್ ಎಂಜಿನ್ ಕಟ್ಟಲು ಹೊರಟಿದ್ದು ಇಂಥ ಸಣ್ಣವರಿಗಾಗಿಯೇ.