1,280 ಬೈಟ್‌ನಲ್ಲಿ ಹಾಡು: ಅಲನ್ ಟ್ಯೂರಿಂಗ್

ನಾವು ಸಿಲಬಸ್‌ನಲ್ಲಿ ಓದೋ ಟ್ಯೂರಿಂಗ್ ಮೆಷಿನ್‌ಗೆ ಟೇಪು ಮುಗಿಯೋದೇ ಇಲ್ಲ. 1936ರಲ್ಲಿ ಅದನ್ನು ಕಲ್ಪಿಸಿದ ಅಲನ್ ಟ್ಯೂರಿಂಗ್ ಹುಟ್ಟಿದ್ದು 1912ರಲ್ಲಿ, ಲಂಡನ್ನಿನಲ್ಲಿ. 1948ರಲ್ಲಿ ಮ್ಯಾಂಚೆಸ್ಟರ್‌ಗೆ ಬಂದ ಮೇಲೆ ಅವರಿಗೆ ಸಿಕ್ಕಿದ್ದು ಮಿತಿ ಇರೋ ನಿಜವಾದ ಕಂಪ್ಯೂಟರ್. ಅಲ್ಲಿನ ಫೆರಾಂಟಿ ಮಾರ್ಕ್ 1ರ ಮುಖ್ಯ ಮೆಮೊರಿ ಬರೀ 1,280 ಬೈಟ್; ಸಿಡಿ ಗುಣಮಟ್ಟದ ಹಾಡು ಅದರಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಷ್ಟೂ ಹಿಡಿಸಲ್ಲ. ಆದ್ರೆ ಸದ್ದನ್ನು ಕೂಡಿಡೋದೇ ಬೇಡ, ಸ್ಪೀಕರಿಗೆ ಪಲ್ಸ್ ಕಳಿಸೋ ಆದೇಶವನ್ನು ಲೂಪ್‌ನಲ್ಲಿ ಓಡಿಸಿದ್ರೆ ಸ್ವರ ಹುಟ್ಟುತ್ತೆ ಅಂತ ಟ್ಯೂರಿಂಗ್ ಅದರ ಕೈಪಿಡಿಯಲ್ಲಿ ಬರೆದರು. ಅದನ್ನು ಓದಿದ ಕ್ರಿಸ್ಟೋಫರ್ ಸ್ಟ್ರೇಚಿ ಬ್ರಿಟನ್ನಿನ ರಾಷ್ಟ್ರಗೀತೆ ನುಡಿಸಿಯೇಬಿಟ್ಟರು. 1951ರಲ್ಲಿ ಬಿಬಿಸಿ ಆ ಕಂಪ್ಯೂಟರಿನ ಸಂಗೀತ ರೆಕಾರ್ಡ್ ಮಾಡಿಕೊಂಡಿತು. ಮರುವರ್ಷವೇ, ಸಲಿಂಗಪ್ರೇಮಿ ಅನ್ನೋ ಕಾರಣಕ್ಕೆ ಕೋರ್ಟು ಟ್ಯೂರಿಂಗ್ ಅವರನ್ನು ಅಪರಾಧಿ ಅಂದಿತು. 1954ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 41 ವರ್ಷ. ಆ ರೆಕಾರ್ಡಿಂಗ್ ಮಾತ್ರ ಇವತ್ತಿಗೂ ಇದೆ, ನಾವೂ ಕೇಳಬಹುದು.