ಪ್ರೊ. ಜೋಸೆಫ್ ಮುಂಡಶ್ಶೇರಿ (1903–1977)

ಕೇರಳ ರಾಜ್ಯದ ಪ್ರಥಮ ಶಿಕ್ಷಣ ಸಚಿವರಾದ ಪ್ರೊ. ಜೋಸೆಫ್ ಮುಂಡಶ್ಶೇರಿಯವರು 1903ರ ಜುಲೈ 17ರಂದು ತೃಶೂರು ಸಮೀಪದ ಕಂಡಶ್ಶಾಂಕಡವಿನಲ್ಲಿ ಜನಿಸಿದರು. ಭೌತಶಾಸ್ತ್ರದ ಪದವೀಧರರಾಗಿದ್ದರೂ ಸಂಸ್ಕೃತ ಹಾಗೂ ಮಲಯಾಳಂನಲ್ಲಿ ಸ್ನಾತಕೋತ್ತರ ಪದವಿ ಪಡೆದು, ತೃಶೂರಿನ ಸೇಂಟ್ ಥಾಮಸ್ ಕಾಲೇಜಿನಲ್ಲಿ 1952ರವರೆಗೆ ಅಧ್ಯಾಪಕರಾಗಿದ್ದರು. ಸಾಹಿತ್ಯ ವಿಮರ್ಶಕರಾಗಿಯೂ ಹೆಸರು ಗಳಿಸಿದರು.

1948ರಲ್ಲಿ ಕೊಚ್ಚಿ ಶಾಸನಸಭೆಗೆ, 1954ರಲ್ಲಿ ತಿರುವಾಂಕೂರು-ಕೊಚ್ಚಿ ವಿಧಾನಸಭೆಗೆ, 1957ರಲ್ಲಿ ಮಣಲೂರು ಕ್ಷೇತ್ರದಿಂದ ಕೇರಳ ವಿಧಾನಸಭೆಗೆ ಆಯ್ಕೆಯಾಗಿ, ಶ್ರೀ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸಚಿವ ಸಂಪುಟ ಸೇರಿದರು.

ಅಂದು ಹಲವು ಖಾಸಗಿ ಶಾಲೆಗಳಲ್ಲಿ ಅಧ್ಯಾಪಕರು ವೇತನ ಪಟ್ಟಿಯಲ್ಲಿ ಒಂದು ಮೊತ್ತಕ್ಕೆ ಸಹಿ ಹಾಕಿ ಅದಕ್ಕಿಂತ ಕಡಿಮೆ ಹಣ ಪಡೆಯಬೇಕಾಗಿತ್ತು. ಖಾಸಗಿ ಕಾಲೇಜಿನಲ್ಲಿ ದುಡಿದಿದ್ದ ಶ್ರೀಯುತರಿಗೆ ಈ ಕಷ್ಟ ಅಪರಿಚಿತವಾಗಿರಲಿಲ್ಲ. 1957ರಲ್ಲಿ ಅವರು ಮಂಡಿಸಿದ ಶಿಕ್ಷಣ ವಿಧೇಯಕವು ಅನುದಾನಿತ ಶಾಲಾ ಅಧ್ಯಾಪಕರ ವೇತನವನ್ನು ಸರ್ಕಾರವೇ ನೇರವಾಗಿ ಅಥವಾ ಮುಖ್ಯೋಪಾಧ್ಯಾಯರ ಮೂಲಕ ಪಾವತಿಸತಕ್ಕದ್ದೆಂದು ವಿಧಿಸಿತು. ಲೋಕಸೇವಾ ಆಯೋಗ ಸಿದ್ಧಪಡಿಸುವ ಪಟ್ಟಿಯಿಂದಲೇ ನೇಮಕಾತಿ ನಡೆಯಬೇಕೆಂಬ ನಿಯಮಕ್ಕೆ ಆಡಳಿತ ಮಂಡಳಿಗಳಿಂದ ತೀವ್ರ ವಿರೋಧ ಬಂದಿತು.

ರಾಷ್ಟ್ರಪತಿಯವರು ವಿಧೇಯಕವನ್ನು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕೆ ಕಳುಹಿಸಿದರು. ಅಲ್ಪಸಂಖ್ಯಾತರ ಹಕ್ಕಿಗೆ ಕೆಲವು ಅಂಶಗಳು ಧಕ್ಕೆ ತರುತ್ತವೆಂದು 1958ರ ಮೇ ತಿಂಗಳಲ್ಲಿ ನ್ಯಾಯಾಲಯ ತಿಳಿಸಿದ ಮೇರೆಗೆ ತಿದ್ದುಪಡಿಯಾಗಿ, 1959ರಲ್ಲಿ ಅಂಕಿತ ದೊರೆಯಿತು. ಆದರೆ ಚಳವಳಿ ಶಮನವಾಗಲಿಲ್ಲ. ಅದೇ ವರ್ಷ ಜುಲೈ 31ರಂದು ಸರ್ಕಾರವೇ ವಜಾಗೊಂಡಿತು. ಸಚಿವರ ಅಧಿಕಾರ ಹೋಯಿತಾದರೂ ಕಾಯ್ದೆ ಉಳಿಯಿತು. ಕಾಸರಗೋಡಿನ ಅನುದಾನಿತ ಕನ್ನಡ ಶಾಲೆಗಳ ಅಧ್ಯಾಪಕರಿಗೂ ಅದೇ ಅನ್ವಯಿಸುತ್ತದೆ.

1971ರಲ್ಲಿ ಸ್ಥಾಪಿತವಾದ ಕೊಚ್ಚಿ ವಿಶ್ವವಿದ್ಯಾನಿಲಯದ ಪ್ರಥಮ ಉಪಕುಲಪತಿಯಾಗಿಯೂ ಸೇವೆ ಸಲ್ಲಿಸಿದ ಶ್ರೀಯುತರು 1977ರ ಅಕ್ಟೋಬರ್ 25ರಂದು ನಿಧನ ಹೊಂದಿದರು.