ಫ್ಯಾನಿ ಫಾರ್ಮರ್

ಫ್ಯಾನಿ ಮೆರಿಟ್ ಫಾರ್ಮರ್ (23 ಮಾರ್ಚ್ 1857 – 15 ಜನವರಿ 1915) ಅಮೆರಿಕ ಸಂಯುಕ್ತ ಸಂಸ್ಥಾನದ ಪಾಕಶಾಸ್ತ್ರ ಶಿಕ್ಷಕಿ, ಉಪನ್ಯಾಸಕಿ ಹಾಗೂ ಲೇಖಕಿ. 1896ರಲ್ಲಿ ಪ್ರಕಟವಾದ ಇವರ 'ದಿ ಬಾಸ್ಟನ್ ಕುಕಿಂಗ್-ಸ್ಕೂಲ್ ಕುಕ್ ಬುಕ್' ಇಂಗ್ಲಿಷಿನಲ್ಲಿ ಅತಿ ಹೆಚ್ಚು ಮಾರಾಟವಾದ ಅಡುಗೆ ಪುಸ್ತಕಗಳಲ್ಲಿ ಒಂದು. ಅಡುಗೆಯ ಪದಾರ್ಥಗಳನ್ನು ಕಪ್ಪು ಮತ್ತು ಚಮಚಗಳಲ್ಲಿ ಮಟ್ಟಸವಾಗಿ ಅಳೆಯುವ ಪದ್ಧತಿಯನ್ನು ಮನೆಮನೆಗೆ ತಲುಪಿಸಿದ ಕೀರ್ತಿ ಇವರಿಗೆ ಸಲ್ಲುತ್ತದೆ. ಹದಿಹರೆಯದಲ್ಲಿ ಪಾರ್ಶ್ವವಾಯುವಿಗೆ ಒಳಗಾಗಿ ಶಾಲೆ ಬಿಡಬೇಕಾಗಿ ಬಂದರೂ ಮುಂದೆ ತಾವೇ ಶಾಲೆಯೊಂದನ್ನು ಸ್ಥಾಪಿಸಿದರು. ಪ್ರಕಾಶಕರಿಗೆ ನಂಬಿಕೆಯಿರದಿದ್ದ ತಮ್ಮ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ತರಗತಿ, ಉಪನ್ಯಾಸ ಮತ್ತು ಪ್ರವಾಸಗಳ ಮೂಲಕ ದೇಶದ ಉದ್ದಗಲಕ್ಕೂ ಪರಿಚಯಿಸಿದರು.

ಬಾಲ್ಯ ಮತ್ತು ಅನಾರೋಗ್ಯ

ಫ್ಯಾನಿ ಫಾರ್ಮರ್ ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ ನಗರದಲ್ಲಿ ಜನಿಸಿದರು. ತಂದೆ ಜಾನ್ ಫ್ರಾಂಕ್ಲಿನ್ ಫಾರ್ಮರ್ ಮುದ್ರಣ ವೃತ್ತಿಯವರು, ತಾಯಿ ಮೇರಿ ವಾಟ್ಸನ್ ಮೆರಿಟ್. ನಾಲ್ವರು ಹೆಣ್ಣುಮಕ್ಕಳಲ್ಲಿ ಇವರೇ ಹಿರಿಯರು. ಕುಟುಂಬವು ಬಾಸ್ಟನ್ನಿನ ಸಮೀಪದ ಮೆಡ್‌ಫರ್ಡ್ ಪಟ್ಟಣದಲ್ಲಿ ನೆಲೆಸಿತ್ತು. ಹೆಣ್ಣುಮಕ್ಕಳ ವಿದ್ಯೆಗೆ ಆ ಮನೆಯಲ್ಲಿ ಗೌರವವಿತ್ತು. ಫ್ಯಾನಿಯವರು ಪ್ರೌಢಶಾಲೆ ಮುಗಿಸಿ ಕಾಲೇಜು ಸೇರಬೇಕೆಂಬುದು ಎಲ್ಲರ ನಿರೀಕ್ಷೆಯಾಗಿತ್ತು.

ಆದರೆ 16ನೆಯ ವಯಸ್ಸಿನಲ್ಲಿ ಅವರು ಪಾರ್ಶ್ವವಾಯುವಿಗೆ ತುತ್ತಾದರು. ಅದು ಪೋಲಿಯೊ ಆಗಿದ್ದಿರಬಹುದೆಂದು ನಂತರದ ಕೆಲವು ಲೇಖಕರು ಊಹಿಸಿದ್ದಾರೆ. ಹಲವು ವರ್ಷಗಳ ಕಾಲ ಅವರಿಗೆ ನಡೆದಾಡಲು ಸಾಧ್ಯವಾಗಲಿಲ್ಲ, ಓದು ಅಲ್ಲಿಗೇ ನಿಂತಿತು. ಕ್ರಮೇಣ ಚೇತರಿಸಿಕೊಂಡರೂ ಕುಂಟು ನಡಿಗೆ ಜೀವನಪರ್ಯಂತ ಉಳಿಯಿತು. ಮನೆಯಲ್ಲಿಯೇ ಇರಬೇಕಾಗಿದ್ದ ಈ ಅವಧಿಯಲ್ಲಿ ಅವರು ಅಡುಗೆಯತ್ತ ಗಮನ ಹರಿಸಿದರು. ತಾಯಿ ಮನೆಯಲ್ಲಿ ಊಟ-ವಸತಿಯ ಅತಿಥಿಗಳನ್ನು ಇರಿಸಿಕೊಳ್ಳುತ್ತಿದ್ದರು, ಅಲ್ಲಿನ ಊಟಕ್ಕೆ ಒಳ್ಳೆಯ ಹೆಸರೂ ಬಂದಿತು.

ಮುಂದೆ ಫ್ಯಾನಿಯವರು ಶಾ ಎಂಬ ಪರಿಚಿತ ಕುಟುಂಬದ ಮನೆಯಲ್ಲಿ ಗೃಹಸಹಾಯಕಿಯಾಗಿ ಕೆಲಸಕ್ಕೆ ಸೇರಿದರು. ಆ ಮನೆಯ ಪುಟ್ಟ ಹುಡುಗಿಯೊಬ್ಬಳು ಅಡುಗೆ ಕಲಿಯುವಾಗ, ಪುಸ್ತಕಗಳಲ್ಲಿ ಹೇಳುವ ಅಂದಾಜಿನ ಅಳತೆಗಳು ನಿಜಕ್ಕೂ ಎಷ್ಟೆಂದು ಕೇಳಿದಳೆಂದೂ, ಆ ಪ್ರಶ್ನೆಯಿಂದಲೇ ನಿಖರ ಅಳತೆಯ ವಿಚಾರ ಫ್ಯಾನಿಯವರಲ್ಲಿ ಮೂಡಿತೆಂದೂ ಒಂದು ಕತೆ ಪ್ರಚಲಿತವಾಗಿದೆ. ಕತೆಯ ಸತ್ಯಾಂಶ ಏನೇ ಇರಲಿ, ಅಡುಗೆಯನ್ನು ಶಾಸ್ತ್ರೀಯವಾಗಿ ಕಲಿಯುವಂತೆ ಅವರನ್ನು ಪ್ರೋತ್ಸಾಹಿಸಿದವರಲ್ಲಿ ಈ ಕುಟುಂಬವೂ ಸೇರಿತ್ತು.

ಬಾಸ್ಟನ್ ಅಡುಗೆ ಶಾಲೆ

ಬಾಸ್ಟನ್ ಅಡುಗೆ ಶಾಲೆಯನ್ನು ಅಲ್ಲಿನ ಮಹಿಳಾ ಶಿಕ್ಷಣ ಸಂಘವು 1879ರಲ್ಲಿ ಆರಂಭಿಸಿತ್ತು. ಅಡುಗೆ ಕೆಲಸದಿಂದ ಜೀವನ ಸಾಗಿಸಬಯಸುವ ಮಹಿಳೆಯರಿಗೆ ತರಬೇತಿ ನೀಡುವುದು, ಅಡುಗೆ ಶಿಕ್ಷಕಿಯರನ್ನು ಸಿದ್ಧಗೊಳಿಸುವುದು ಅದರ ಕೆಲಸವಾಗಿತ್ತು. ಮನೆವಾರ್ತೆಗೂ ವಿಜ್ಞಾನದ ತಳಹದಿ ಇರಬೇಕೆಂದು ವಾದಿಸುತ್ತಿದ್ದ ಗೃಹವಿಜ್ಞಾನ ಚಳವಳಿ ಆಗ ಅಮೆರಿಕದಲ್ಲಿ ಬಲಗೊಳ್ಳುತ್ತಿತ್ತು. ಪೌಷ್ಟಿಕಾಂಶ, ನೈರ್ಮಲ್ಯ, ಆಹಾರದ ರಾಸಾಯನಿಕ ಗುಣಗಳು ಶಾಲೆಯ ಪಾಠಗಳಲ್ಲಿ ಸೇರಿದ್ದವು.

ಫ್ಯಾನಿಯವರು ಸುಮಾರು 30ನೆಯ ವಯಸ್ಸಿನಲ್ಲಿ ಈ ಶಾಲೆಗೆ ವಿದ್ಯಾರ್ಥಿನಿಯಾಗಿ ಸೇರಿ 1889ರಲ್ಲಿ ತರಬೇತಿ ಮುಗಿಸಿದರು. ಅವರ ಸಾಮರ್ಥ್ಯವನ್ನು ಗಮನಿಸಿದ ಶಾಲೆಯು ಅವರನ್ನು ಪ್ರಾಂಶುಪಾಲರ ಸಹಾಯಕಿಯಾಗಿ ಉಳಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಅವರೇ ಪ್ರಾಂಶುಪಾಲರಾದರು. ಪ್ರೌಢಶಾಲೆಯನ್ನೂ ಪೂರ್ಣಗೊಳಿಸಲಾಗದಿದ್ದವರು ಹೀಗೆ ಶಿಕ್ಷಕಿಯರಿಗೇ ಶಿಕ್ಷಕಿಯಾದರು.

ಪುಸ್ತಕದ ಪ್ರಕಟಣೆ

ಶಾಲೆಯಲ್ಲಿ ಅದುವರೆಗೆ ಬಳಕೆಯಲ್ಲಿದ್ದುದು ಹಿಂದಿನ ಪ್ರಾಂಶುಪಾಲೆ ಮೇರಿ ಲಿಂಕನ್ ಅವರು 1884ರಲ್ಲಿ ಪ್ರಕಟಿಸಿದ್ದ ಅಡುಗೆ ಪುಸ್ತಕ. ಫ್ಯಾನಿಯವರು ಅದನ್ನು ಆಧಾರವಾಗಿಟ್ಟುಕೊಂಡು, ಪಾಕವಿಧಾನಗಳನ್ನು ಪರಿಷ್ಕರಿಸಿ, ಹೊಸದನ್ನು ಸೇರಿಸಿ, ತಮ್ಮದೇ ಕ್ರಮದಲ್ಲಿ ಹೊಸ ಗ್ರಂಥವನ್ನು ಸಿದ್ಧಪಡಿಸಿದರು. ಅದರಲ್ಲಿ 1,849 ಪಾಕವಿಧಾನಗಳಿದ್ದವು. ಇವುಗಳ ಜೊತೆಗೆ ಆಹಾರದ ಘಟಕಗಳು, ಒಲೆಯ ನಿರ್ವಹಣೆ, ಹಣ್ಣು-ತರಕಾರಿಗಳನ್ನು ಕೆಡದಂತೆ ಇಡುವ ವಿಧಾನ, ಮನೆಯ ಸ್ವಚ್ಛತೆ ಮುಂತಾದ ವಿಷಯಗಳೂ ಸೇರಿದ್ದವು. ಪುಸ್ತಕವನ್ನು ಶಾಲೆಯ ಅಧ್ಯಕ್ಷೆಯಾಗಿದ್ದ ಶ್ರೀಮತಿ ವಿಲಿಯಂ ಬಿ. ಸೀವಾಲ್ ಅವರಿಗೆ ಅರ್ಪಿಸಲಾಯಿತು.

ಬಾಸ್ಟನ್ನಿನ ಲಿಟ್ಲ್, ಬ್ರೌನ್ ಅಂಡ್ ಕಂಪನಿ ಎಂಬ ಪ್ರಕಾಶನ ಸಂಸ್ಥೆಗೆ ಹಸ್ತಪ್ರತಿಯನ್ನು ಒಪ್ಪಿಸಿದಾಗ, ಅದು ಹೆಚ್ಚು ಮಾರಾಟವಾಗಲಾರದೆಂದು ಸಂಸ್ಥೆ ಭಾವಿಸಿತು. ಮಾರುಕಟ್ಟೆಯಲ್ಲಿ ಅಡುಗೆ ಪುಸ್ತಕಗಳಿಗೇನೂ ಆಗ ಕೊರತೆಯಿರಲಿಲ್ಲ. ಕೊನೆಗೆ 3,000 ಪ್ರತಿಗಳನ್ನು ಮಾತ್ರ, ಅದೂ ಲೇಖಕಿಯ ಖರ್ಚಿನಲ್ಲಿ, ಅಚ್ಚು ಹಾಕಲು ಒಪ್ಪಿತು. ಸ್ವಂತ ದುಡಿಮೆಯಿಂದ ಬದುಕುತ್ತಿದ್ದ ಅವಿವಾಹಿತ ಮಹಿಳೆಗೆ ಇದು ಸಣ್ಣ ಹೊಣೆಯಾಗಿರಲಿಲ್ಲ. ಪ್ರತಿಗಳು ಮಾರಾಟವಾಗದಿದ್ದರೆ ನಷ್ಟವೆಲ್ಲ ಅವರದೇ. ಆದರೆ ಇದೇ ಒಪ್ಪಂದದಿಂದ ಪುಸ್ತಕದ ಹಕ್ಕುಸ್ವಾಮ್ಯ ಲೇಖಕಿಯ ಬಳಿಯೇ ಉಳಿಯಿತು. ಪುಸ್ತಕವು ಮುದ್ರಣದ ಮೇಲೆ ಮುದ್ರಣ ಕಂಡಾಗ ಅದರ ಲಾಭದ ಬಹುಪಾಲು ಅವರ ಕೈ ಸೇರಿತು. ಪ್ರಕಾಶಕರ ಸಂಶಯವು ಹೀಗೆ ಲೇಖಕಿಯ ಪಾಲಿಗೆ ವರವಾಯಿತು.

1906ರಲ್ಲಿ ಪರಿಷ್ಕೃತ ಆವೃತ್ತಿ ಹೊರಬಂದಿತು. ಜನರ ರುಚಿ ಬದಲಾದಂತೆ ಪುಸ್ತಕವೂ ಬದಲಾಗುತ್ತಿತ್ತು. ಉದಾಹರಣೆಗೆ, 1896ರ ಆವೃತ್ತಿಯಲ್ಲಿ ಬ್ರೌನಿ ಎಂಬ ಹೆಸರಿನ ತಿನಿಸು ಇದ್ದರೂ ಅದು ಕಾಕಂಬಿ ಸೇರಿಸಿ ಚಿಕ್ಕ ಅಚ್ಚುಗಳಲ್ಲಿ ಬೇಯಿಸುವ ಕೇಕಾಗಿತ್ತು. ಚಾಕೊಲೇಟ್ ಬ್ರೌನಿಯ ವಿಧಾನ ಕಾಣಿಸಿಕೊಂಡದ್ದು 1906ರ ಆವೃತ್ತಿಯಲ್ಲಿ.

ಮಟ್ಟಸ ಅಳತೆಯ ಪದ್ಧತಿ

ಹತ್ತೊಂಬತ್ತನೆಯ ಶತಮಾನದ ಅಡುಗೆ ಪುಸ್ತಕಗಳಲ್ಲಿ ಮೊಟ್ಟೆಯ ಗಾತ್ರದ ಬೆಣ್ಣೆ, ಒಂದು ಟೀ ಬಟ್ಟಲು ಹಿಟ್ಟು, ಒಂದು ಚಿಟಿಕೆ ಉಪ್ಪು ಎಂಬಂತಹ ಅಳತೆಗಳು ಸಾಮಾನ್ಯವಾಗಿದ್ದವು. ನಮ್ಮ ಮನೆಗಳಲ್ಲಿ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು ಎಂದು ಹೇಳುವ ರೂಢಿಯಂತೆಯೇ ಇದು. ತಾಯಿ ಅಥವಾ ಅತ್ತೆಯ ಪಕ್ಕದಲ್ಲಿ ನಿಂತು ಕಲಿಯುವವರಿಗೆ ಇಷ್ಟು ಸಾಕು. ಆದರೆ ಹಳ್ಳಿ ಬಿಟ್ಟು ನಗರಕ್ಕೆ ಬಂದು, ಹೇಳಿಕೊಡುವವರಿಲ್ಲದೆ ಪುಸ್ತಕವನ್ನೇ ನಂಬಿ ಅಡುಗೆ ಮಾಡುವವರಿಗೆ ಇಂತಹ ಅಂದಾಜು ತೊಡಕಾಗುತ್ತದೆ.

ಫ್ಯಾನಿಯವರು ಅಳತೆಯ ಕಪ್ಪು, ಟೇಬಲ್ ಚಮಚ ಮತ್ತು ಟೀ ಚಮಚಗಳನ್ನು ಮೂಲಮಾನಗಳಾಗಿ ಬಳಸಿದರು. ಎಲ್ಲ ಅಳತೆಗಳೂ ಮಟ್ಟಸವಾಗಿರಬೇಕೆಂಬುದು ಅವರ ನಿಯಮ. ಹಿಟ್ಟನ್ನು ಜರಡಿ ಹಿಡಿದು, ಚಮಚದಿಂದ ಕಪ್ಪಿಗೆ ಹಗುರವಾಗಿ ತುಂಬಬೇಕು. ಕಪ್ಪನ್ನು ಕುಲುಕದೆ, ಅಂಚಿನಿಂದ ಮೇಲಿರುವುದನ್ನು ಚಾಕುವಿನಿಂದ ಸವರಿ ತೆಗೆಯಬೇಕು. ಅರ್ಧ ಚಮಚ ಬೇಕಾದರೆ ಮಟ್ಟಸ ಚಮಚದ ಪದಾರ್ಥವನ್ನು ಚಾಕುವಿನಿಂದ ಉದ್ದಕ್ಕೆ ಸೀಳಬೇಕು, ಕಾಲು ಚಮಚಕ್ಕೆ ಆ ಅರ್ಧವನ್ನು ಅಡ್ಡಲಾಗಿ ಭಾಗಿಸಬೇಕು. ಪುಸ್ತಕದಲ್ಲಿ ನೀಡಿದ ಕೋಷ್ಟಕದ ಪ್ರಕಾರ:

• 3 ಟೀ ಚಮಚ = 1 ಟೇಬಲ್ ಚಮಚ
• 16 ಟೇಬಲ್ ಚಮಚ (ಒಣ ಪದಾರ್ಥ) = 1 ಕಪ್
• 2 ಕಪ್ ಒತ್ತಿ ತುಂಬಿದ ಬೆಣ್ಣೆ = 1 ಪೌಂಡ್
• 2 ಕಪ್ ಸಕ್ಕರೆ = 1 ಪೌಂಡ್
• 4 ಕಪ್ ಹಿಟ್ಟು = 1 ಪೌಂಡ್

ಅಳತೆಯ ಕಪ್ಪುಗಳನ್ನಾಗಲಿ ಮಟ್ಟಸ ಅಳತೆಯ ಕಲ್ಪನೆಯನ್ನಾಗಲಿ ಮೊದಲು ಕಂಡುಹಿಡಿದವರು ಇವರಲ್ಲ. ಇವರ ಹಿಂದಿನ ಶಿಕ್ಷಕಿಯರೂ ಆ ದಿಕ್ಕಿನಲ್ಲಿ ಪ್ರಯತ್ನಿಸಿದ್ದರು. ಪುಸ್ತಕದ ಆರಂಭದಿಂದ ಕೊನೆಯವರೆಗೆ ಒಂದೇ ನಿಯಮವನ್ನು ಬಿಡದೆ ಪಾಲಿಸಿ, ಅದನ್ನು ಸಾಮಾನ್ಯ ಗೃಹಿಣಿಯ ರೂಢಿಯಾಗುವಂತೆ ಮಾಡಿದ್ದು ಇವರ ಸಾಧನೆ. ಇದರಿಂದಾಗಿ ಮಟ್ಟಸ ಅಳತೆಗಳ ಜನನಿ ಎಂಬ ಹೆಸರು ಇವರಿಗೆ ಬಂದಿತು.

ಸ್ವಂತ ಶಾಲೆ ಮತ್ತು ಉಪನ್ಯಾಸಗಳು

1902ರಲ್ಲಿ ಬಾಸ್ಟನ್ ಅಡುಗೆ ಶಾಲೆಯನ್ನು ತೊರೆದ ಫ್ಯಾನಿಯವರು ಅದೇ ನಗರದಲ್ಲಿ 'ಮಿಸ್ ಫಾರ್ಮರ್ಸ್ ಸ್ಕೂಲ್ ಆಫ್ ಕುಕರಿ' ಎಂಬ ತಮ್ಮದೇ ಶಾಲೆಯನ್ನು ತೆರೆದರು. ಹಳೆಯ ಶಾಲೆಯು ಮುಂದೆ ಸಿಮನ್ಸ್ ಕಾಲೇಜಿನಲ್ಲಿ ವಿಲೀನವಾಯಿತು. ಅಡುಗೆ ಶಿಕ್ಷಕಿಯರನ್ನು ತಯಾರಿಸುವುದು ಹಳೆಯ ಶಾಲೆಯ ಮುಖ್ಯ ಕೆಲಸವಾಗಿದ್ದರೆ, ಹೊಸ ಶಾಲೆಯು ಗೃಹಿಣಿಯರಿಗೆ ಮತ್ತು ದಾದಿಯರಿಗೆ ಹೆಚ್ಚಿನ ಗಮನ ನೀಡಿತು. ಪಾಠಗಳಲ್ಲಿ ಸಿದ್ಧಾಂತಕ್ಕಿಂತ ಕೈಕೆಲಸದ ಅಭ್ಯಾಸವೇ ಪ್ರಧಾನವಾಗಿತ್ತು.

ಶಾಲೆಯಲ್ಲಿ ಪ್ರತಿ ವಾರ ಸಾರ್ವಜನಿಕರಿಗಾಗಿ ಪ್ರಾತ್ಯಕ್ಷಿಕೆಯೊಂದಿಗೆ ಉಪನ್ಯಾಸ ನಡೆಯುತ್ತಿತ್ತು. 'ಬಾಸ್ಟನ್ ಈವನಿಂಗ್ ಟ್ರಾನ್ಸ್‌ಕ್ರಿಪ್ಟ್' ಪತ್ರಿಕೆಯು ಈ ಉಪನ್ಯಾಸಗಳ ವರದಿಯನ್ನು ಪಾಕವಿಧಾನಗಳ ಸಮೇತ ಪ್ರಕಟಿಸುತ್ತಿತ್ತು. ಬೇರೆ ಊರುಗಳ ಪತ್ರಿಕೆಗಳೂ ಅವನ್ನು ಎತ್ತಿ ಮುದ್ರಿಸಿದ್ದರಿಂದ, ತರಗತಿಗೆ ಬರಲಾಗದವರಿಗೂ ಪಾಠ ತಲುಪುತ್ತಿತ್ತು. ದೇಶದ ನಾನಾ ಕಡೆಗಳ ಮಹಿಳಾ ಸಂಘಗಳು ಅವರನ್ನು ಉಪನ್ಯಾಸಕ್ಕೆ ಆಹ್ವಾನಿಸುತ್ತಿದ್ದವು. ಕಾಲಿನ ತೊಂದರೆಯಿದ್ದರೂ ಅವರು ದೂರದ ಪ್ರಯಾಣಗಳನ್ನು ಕೈಗೊಂಡು ಈ ಆಹ್ವಾನಗಳನ್ನು ಪೂರೈಸಿದರು. ತಮ್ಮ ತಂಗಿ ಕೋರಾ ಅವರೊಂದಿಗೆ 'ವುಮನ್ಸ್ ಹೋಮ್ ಕಂಪ್ಯಾನಿಯನ್' ಎಂಬ ಮಾಸಪತ್ರಿಕೆಗೆ ಸುಮಾರು ಹತ್ತು ವರ್ಷಗಳ ಕಾಲ ಅಂಕಣವನ್ನೂ ಬರೆದರು.

ಪುಸ್ತಕದ ಯಶಸ್ಸನ್ನು ಈ ಚಟುವಟಿಕೆಗಳಿಂದ ಬೇರ್ಪಡಿಸಿ ನೋಡಲಾಗದು. ಉಪನ್ಯಾಸದಲ್ಲಿ ಕಣ್ಣಾರೆ ಕಂಡ ತಿನಿಸನ್ನು ಮನೆಯಲ್ಲಿ ಮಾಡಲು ಪುಸ್ತಕ ಬೇಕಾಗುತ್ತಿತ್ತು. ಪುಸ್ತಕ ಓದಿದವರು ಉಪನ್ಯಾಸಕ್ಕೆ ಬರುತ್ತಿದ್ದರು. ಶಾಲೆಯಲ್ಲಿ ತರಬೇತಿ ಪಡೆದವರು ತಾವು ಹೋದಲ್ಲೆಲ್ಲ ಅದೇ ಅಳತೆ, ಅದೇ ವಿಧಾನವನ್ನು ಕಲಿಸುತ್ತಿದ್ದರು.

ರೋಗಿಗಳ ಆಹಾರ

ದೀರ್ಘಕಾಲ ಹಾಸಿಗೆ ಹಿಡಿದಿದ್ದ ಅನುಭವವುಳ್ಳ ಫ್ಯಾನಿಯವರಿಗೆ ರೋಗಿಗಳ ಆಹಾರದಲ್ಲಿ ವಿಶೇಷ ಆಸ್ಥೆಯಿತ್ತು. 1904ರಲ್ಲಿ ಈ ವಿಷಯವನ್ನು ಕುರಿತ ಪ್ರತ್ಯೇಕ ಪುಸ್ತಕವನ್ನು ಪ್ರಕಟಿಸಿದರು. ಹಸಿವು ಕಳೆದುಕೊಂಡ ರೋಗಿಗೆ ಪೋಷಕಾಂಶ ಎಷ್ಟು ಮುಖ್ಯವೋ ಆಹಾರದ ನೋಟ, ರುಚಿ ಮತ್ತು ಬಡಿಸುವ ರೀತಿಯೂ ಅಷ್ಟೇ ಮುಖ್ಯವೆಂದು ಅವರು ಪ್ರತಿಪಾದಿಸಿದರು. ಮಧುಮೇಹಿಗಳ ಆಹಾರಕ್ಕೆ ಈ ಪುಸ್ತಕದಲ್ಲಿ ವಿಸ್ತಾರವಾದ ಸ್ಥಾನವಿದೆ. ಇನ್ಸುಲಿನ್ ಆವಿಷ್ಕಾರವಾದದ್ದು 1921ರಲ್ಲಿ. ಅದಕ್ಕೆ ಮೊದಲು ಪಥ್ಯವೇ ಮಧುಮೇಹದ ಪ್ರಮುಖ ಚಿಕಿತ್ಸೆಯಾಗಿದ್ದುದರಿಂದ ಇಂತಹ ಮಾಹಿತಿಯ ಮಹತ್ವ ಹೆಚ್ಚಿನದಾಗಿತ್ತು.

ಅವರು ದಾದಿಯರಿಗೆ ರೋಗಿಗಳ ಅಡುಗೆಯನ್ನು ಕಲಿಸಿದರು, ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿಯೂ ಇದೇ ವಿಷಯದ ಮೇಲೆ ಉಪನ್ಯಾಸ ನೀಡಿದರು. ತಮ್ಮ ಎಲ್ಲ ಕೃತಿಗಳಲ್ಲಿ ಇದೇ ತಮ್ಮ ಹೆಸರನ್ನು ಉಳಿಸುವುದೆಂದು ಅವರು ನಂಬಿದ್ದರು. ಆದರೆ ಜನಮಾನಸದಲ್ಲಿ ಉಳಿದದ್ದು 1896ರ ಅಡುಗೆ ಪುಸ್ತಕವೇ.

ಕೊನೆಯ ದಿನಗಳು

ಜೀವನದ ಕೊನೆಯ ವರ್ಷಗಳಲ್ಲಿ ಪಾರ್ಶ್ವವಾಯು ಮತ್ತೆ ಬಾಧಿಸಿ, ಫ್ಯಾನಿಯವರು ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಯಿತು. ಆದರೂ ಅವರು ಬರವಣಿಗೆಯನ್ನಾಗಲಿ, ಹೊಸ ಪಾಕವಿಧಾನಗಳ ರಚನೆಯನ್ನಾಗಲಿ, ಉಪನ್ಯಾಸವನ್ನಾಗಲಿ ನಿಲ್ಲಿಸಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತೇ ಸಭೆಗಳನ್ನು ಉದ್ದೇಶಿಸಿ ಮಾತನಾಡುತ್ತಿದ್ದರು. ಕೊನೆಯ ಉಪನ್ಯಾಸ ನೀಡಿದ ಸುಮಾರು ಹತ್ತು ದಿನಗಳಲ್ಲಿ, 15 ಜನವರಿ 1915ರಂದು, 57ನೆಯ ವಯಸ್ಸಿನಲ್ಲಿ ನಿಧನರಾದರು. ಕೇಂಬ್ರಿಡ್ಜ್ ಪಟ್ಟಣದ ಮೌಂಟ್ ಆಬರ್ನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಪ್ರಭಾವ ಮತ್ತು ವಿಮರ್ಶೆ

ಫ್ಯಾನಿಯವರ ನಂತರ ಶಾಲೆಯ ಆಡಳಿತವನ್ನು ಆಲಿಸ್ ಬ್ರಾಡ್ಲಿ ವಹಿಸಿಕೊಂಡರು. ಶಾಲೆಯು 1944ರವರೆಗೆ ನಡೆಯಿತು. ಪುಸ್ತಕದ ಪರಿಷ್ಕರಣೆಯನ್ನು ಮೊದಲು ತಂಗಿ ಕೋರಾ, ಬಳಿಕ ಕೋರಾ ಅವರ ಸೊಸೆ ವಿಲ್ಮಾ ಲಾರ್ಡ್ ಪರ್ಕಿನ್ಸ್ ಮುಂದುವರಿಸಿದರು. ಕಾಲಕ್ರಮದಲ್ಲಿ ಲೇಖಕಿಯ ಹೆಸರೇ ಪುಸ್ತಕದ ಹೆಸರಾಯಿತು. ಮೇರಿಯನ್ ಕನ್ನಿಂಗ್‌ಹ್ಯಾಮ್ ಸಂಪಾದಿಸಿದ 12ನೆಯ ಆವೃತ್ತಿ 1979ರಲ್ಲಿ ಹೊರಬಂದಿತು. 1919ರಲ್ಲಿ ಆರಂಭವಾದ ಫ್ಯಾನಿ ಫಾರ್ಮರ್ ಕ್ಯಾಂಡೀಸ್ ಎಂಬ ಮಿಠಾಯಿ ಕಂಪನಿಯು ಇವರ ಹೆಸರಿನ ಜನಪ್ರಿಯತೆಯನ್ನು ಬಳಸಿಕೊಂಡಿತು. ಲೇಖಕಿಯ ನಿಧನದ ನಂತರ ಸ್ಥಾಪನೆಯಾದ ಆ ಕಂಪನಿಯೊಂದಿಗೆ ಅವರಿಗೆ ಯಾವ ಸಂಬಂಧವೂ ಇರಲಿಲ್ಲ.

ಇವರ ಕೃತಿಯ ಬಗ್ಗೆ ಆಕ್ಷೇಪಗಳೂ ಇವೆ. ಮೇರಿ ಲಿಂಕನ್ ಅವರ ಪುಸ್ತಕಕ್ಕೆ ಸಲ್ಲಬೇಕಾದ ಋಣವನ್ನು ಸ್ಪಷ್ಟವಾಗಿ ಹೇಳಿಲ್ಲವೆಂಬುದು ಒಂದು. ಬಿಳಿ ಸಾಸ್ ಮತ್ತು ಸಕ್ಕರೆಯ ಧಾರಾಳ ಬಳಕೆಯಿಂದ, ಅಳತೆಗೆ ಕೊಟ್ಟ ಅತಿಯಾದ ಪ್ರಾಶಸ್ತ್ಯದಿಂದ ಅಮೆರಿಕದ ಅಡುಗೆ ತನ್ನ ಸಹಜ ವೈವಿಧ್ಯವನ್ನು ಕಳೆದುಕೊಂಡಿತೆಂಬುದು ಇನ್ನೊಂದು. ಕೈಯಂದಾಜಿನಲ್ಲಿ ಪಳಗಿದ ಅಡುಗೆಯವರಿಗೆ ಕಪ್ಪು-ಚಮಚದ ಲೆಕ್ಕ ಬೇಡವೆಂಬುದೂ ನಿಜವೇ. ಆದರೆ ಅಂತಹ ಪಳಗಿದ ಕೈಗಳ ನೆರವಿಲ್ಲದ ಲಕ್ಷಾಂತರ ಜನರಿಗೆ, ಓದು ಬಲ್ಲವರು ಅಡುಗೆಯನ್ನೂ ಕಲಿಯಬಲ್ಲರೆಂಬ ಧೈರ್ಯವನ್ನು ಈ ಪುಸ್ತಕ ನೀಡಿತು. ಇಂದು ಪಾಕವಿಧಾನವನ್ನು ಬರೆಯುವವರು ಮೊದಲು ಸಾಮಗ್ರಿಗಳ ಅಳತೆಯನ್ನು ನಮೂದಿಸುವ ಪದ್ಧತಿ ನೆಲೆಗೊಳ್ಳುವಲ್ಲಿ ಈ ಕೃತಿಯ ಪಾತ್ರ ದೊಡ್ಡದು.

ಪ್ರಮುಖ ಕೃತಿಗಳು

• ದಿ ಬಾಸ್ಟನ್ ಕುಕಿಂಗ್-ಸ್ಕೂಲ್ ಕುಕ್ ಬುಕ್ (1896)
• ಚಾಫಿಂಗ್ ಡಿಶ್ ಪಾಸಿಬಿಲಿಟೀಸ್ (1898) – ಊಟದ ಮೇಜಿನ ಮೇಲೆಯೇ ಬೇಯಿಸುವ ಪಾತ್ರೆಯ ಬಳಕೆ ಕುರಿತು
• ಫುಡ್ ಅಂಡ್ ಕುಕರಿ ಫಾರ್ ದಿ ಸಿಕ್ ಅಂಡ್ ಕನ್ವಲೆಸೆಂಟ್ (1904) – ರೋಗಿಗಳ ಮತ್ತು ಚೇತರಿಸಿಕೊಳ್ಳುತ್ತಿರುವವರ ಆಹಾರ
• ವಾಟ್ ಟು ಹ್ಯಾವ್ ಫಾರ್ ಡಿನ್ನರ್ (1905)
• ಕೇಟರಿಂಗ್ ಫಾರ್ ಸ್ಪೆಷಲ್ ಅಕೇಶನ್ಸ್ (1911) – ವಿಶೇಷ ಸಂದರ್ಭಗಳ ಊಟದ ಪಟ್ಟಿ ಮತ್ತು ಪಾಕವಿಧಾನಗಳು
• ಎ ನ್ಯೂ ಬುಕ್ ಆಫ್ ಕುಕರಿ (1912)